ಭಾಗ್ಯಕ್ಕ ಮಷಿನ್ ಮುಚ್ಚುವ ದಿನ

ರವಿವಾರ ಮುಂಜಾನೆ ಮೂಡಲಗಿಯ ಆ ಓಣಿಯಲ್ಲಿ ಒಂದೇ ಹೊಲಿಗೆ ಮಷಿನ್ ಸದ್ದು ಮಾಡುತ್ತಿತ್ತು, ಶೈಲಾಳದು. ಎದುರುಮನೆಯ ಭಾಗ್ಯಕ್ಕ ತನ್ನ ಮಷಿನ್ ಮೇಲೆ ಬಟ್ಟೆ ಹೊದಿಸಿ ಪ್ರಾರ್ಥನಾಲಯಕ್ಕೆ ಹೊರಟಿದ್ದಳು. ಮುಖದಲ್ಲಿ ಅವಸರದ ಸುಳಿವಿಲ್ಲ. ಅದನ್ನು ನೋಡಿ ಶೈಲಾ ತನ್ನ ಮಷಿನನ್ನು ಇನ್ನಷ್ಟು ಜೋರಾಗಿ ತುಳಿದಳು.

ಶೈಲಾಳೂ ಅದೇ ಪ್ರಾರ್ಥನಾಲಯದವಳೇ. ಆದರೆ ಎರಡು ತಿಂಗಳಿಂದ ಆ ಕಡೆ ತಲೆ ಹಾಕಿರಲಿಲ್ಲ. ಮುಂಜಾನೆ ಹೊಲಿಗೆ ಕ್ಲಾಸು, ಮಧ್ಯಾಹ್ನ ಮಹಿಳಾ ಸಂಘ, ಸಂಜೆ ಮಕ್ಕಳ ಟ್ಯೂಷನ್, ನಡುನಡುವೆ ಹೊಲಿಯಲು ರಾಶಿ ಜಂಪರು. ಕುತ್ತಿಗೆ ಹಿಡಿದುಕೊಂಡಿತ್ತು, ನಿದ್ದೆ ಹಾರಿಹೋಗಿತ್ತು. ಆದರೂ ಬಂದವರಿಗೆ ಇಲ್ಲ ಅನ್ನುವಂತಿಲ್ಲ. ಅಂದರೆ ಗಿರಾಕಿ ಎದುರುಮನೆಗೆ ಹೋದಾಳಲ್ಲ!

ಮಸಗುಪ್ಪಿಯ ಲಕ್ಕವ್ವ ಹೋದ ವಾರ ಎದುರುಮನೆ ಬಿಟ್ಟು ತನ್ನ ಹತ್ತಿರವೇ ಬಂದಾಗ ಶೈಲಾ ಹಿಗ್ಗಿ ಹೀರೇಕಾಯಿಯಾಗಿದ್ದಳು. ಲಕ್ಕವ್ವನ ಸೊಸೆ ಏಳು ತಿಂಗಳ ಬಸುರಿ, ಮಂಗಳವಾರ ಕುಬಸದ ಕಾರ್ಯ, ಅಂದರೆ ಸೀಮಂತ. ಅವತ್ತು ತವರಿನ ಖಣದ ಜಂಪರನ್ನೇ ತೊಡಬೇಕು. ಘೋಡಗೇರಿಯ ತವರಿನವರು ಗೋಕಾಕಕ್ಕೆ ಹೋಗಿ ರವಿಕೆಗೆಂದೇ ಆ ಹಸಿರು ಖಣ ಆರಿಸಿ ತಂದಿದ್ದರು.

ಈಗ ಅದೇ ಖಣವನ್ನು ಹೊಲಿಯಲು ಕೂತಾಗ ಶೈಲಾಳ ಜೀವ ಝಲ್ಲೆಂದಿತು. ನಿನ್ನೆ ಗಡಿಬಿಡಿಯಲ್ಲಿ ಅಳತೆಗೆ ತೆಗೆದುಕೊಂಡ ಹಳೆಯ ಜಂಪರು ಬಸುರಿಯದಾಗಿರಲಿಲ್ಲ, ಇನ್ನೊಬ್ಬ ಗಿರಾಕಿ ಯಮನವ್ವನ ಸಣಕಲು ಮಗಳದು. ಕತ್ತರಿಸಿದ ಖಣ ಮೂರು ಬೆರಳು ಬಿಗಿ. ತವರಿನ ಖಣವನ್ನು ಅಂಗಡಿಯಿಂದ ಇನ್ನೊಂದು ತಂದು ಕೊಡುವುದಾದರೂ ಹೇಗೆ?

ಬೇರೆ ದಾರಿ ಕಾಣದೆ, ತುಂಡುಗಳನ್ನು ಚೀಲಕ್ಕೆ ತುಂಬಿಕೊಂಡು ಪ್ರಾರ್ಥನಾಲಯದ ಬಾಗಿಲಲ್ಲಿ ಭಾಗ್ಯಕ್ಕನನ್ನು ಹಿಡಿದಳು. ಅವಳೆದುರು ಕೈಚಾಚುವುದು ಸಾವಿನಷ್ಟು ಕಷ್ಟವಾಗಿತ್ತು.

ಭಾಗ್ಯಕ್ಕ ತುಂಡುಗಳನ್ನು ಹೊರಳಿಸಿ ನೋಡಿದಳು. "ತೋಳು ಗಿಡ್ಡ ಮಾಡಿ, ಉಳಿದ ಬಟ್ಟಿ ಕಂಕುಳಾಗ ಜೋಡಿಸಿದ್ರ ಆಗ್ತೈತಿ. ನಾಳೆ ಮುಂಜಾನೆ ಬಾ. ಇವತ್ತ ನಾ ಮಷಿನ್ ಮುಟ್ಟಂಗಿಲ್ಲ."

"ನಿಮಗೇನ್ರಿ ಅಕ್ಕಾ, ಕೆಲಸಾ ಕಡಿಮಿ," ಶೈಲಾಳ ಬಾಯಿಂದ ವಿಷ ಬಂದೇಬಿಟ್ಟಿತು. "ನನ್ನಷ್ಟ ಗಿರಾಕಿ ಇದ್ದಿದ್ರ ನೀವೂ ರವಿವಾರ ಹಿಂಗ ಕುಂಡ್ರತಿದ್ದಿಲ್ಲ."

ಭಾಗ್ಯಕ್ಕ ಸಿಟ್ಟಾಗಲಿಲ್ಲ. "ನಾನೂ ನಿನ್ನಂಗ ಇದ್ನಿ, ತಂಗಿ. ಕೈ ನಡುಗಾಕ ಹತ್ತಿದ್ದುವು. ಯೇಸುಸ್ವಾಮಿ ನನ್ನ ನೋಡ್ಕೋತಾನ ಅಂತ ಬಾಯಿಲೆ ಅಂತಿದ್ನಿ ಖರೆ, ಒಂದ ದಿನಾನೂ ಅವನ ಮ್ಯಾಲೆ ಬಿಟ್ಟಿದ್ದಿಲ್ಲ. ಈಗ ವಾರಕ್ಕ ಹತ್ತ ಜಂಪರ ಹಿಡಿತೇನಿ. ಅದಕ್ಕಿಂತ ಹೆಚ್ಚ ಬಂದವರನ್ನ ನಿನ್ನ ಕಡೆ ಕಳಸ್ತೇನಿ."

"ನನ್ನ ಕಡೆ? ಯಾರನ್ನ ಕಳಸೀರಿ?"

"ಲಕ್ಕವ್ವನ್ನ ಕಳಸಿದಾಕಿ ನಾನ. ಶೈಲಾನ ಹೊಲಿಗಿ ನಾಜೂಕ ಐತಿ, ಅಲ್ಲೇ ಹೋಗ್ರಿ ಅಂದ್ನಿ."

ಶೈಲಾಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಒಳಗೆ ಹಾಡು ಶುರುವಾಗಿತ್ತು. ಹಿಂದಿನ ಸಾಲಿನ ಜಮಖಾನದ ಮೇಲೆ ಕುಸಿದು ಕೂತಳು. ಪ್ರಾರ್ಥನೆಯ ಮಾತುಗಳು ಮರೆತುಹೋಗಿದ್ದವು. "ಸ್ವಾಮಿ, ಆಕಿ ಮ್ಯಾಲೆ ನನಗ ಹೊಟ್ಟಿಕಿಚ್ಚ ಐತಿ. ಅದನ್ನ ಹೊತ್ತು ಹೊತ್ತು ಸಾಕಾಗೇತಿ," ಎಂದಷ್ಟೇ ಅಂದಳು. ಕಣ್ಣೀರು ತಡೆಯಲಿಲ್ಲ.

ಅವತ್ತು ಮನೆಗೆ ಬಂದು ಮಷಿನ್ ಮುಟ್ಟಲಿಲ್ಲ. ಕೈ ಸುಮ್ಮನಿರಲು ಒಪ್ಪದೆ ಎರಡು ಸಲ ಎದ್ದಳು, ಎರಡು ಸಲ ಕೂತಳು. ಕೊನೆಗೆ ಮಧ್ಯಾಹ್ನ ಗೋಡೆಗೆ ಒರಗಿದವಳಿಗೆ ಸಂಜೆಯವರೆಗೆ ಎಚ್ಚರವಾಗಲಿಲ್ಲ.

ಸೋಮವಾರ ಇಬ್ಬರೂ ಕೂಡಿ ಜಂಪರು ಸರಿಮಾಡಿದರು. ಒಯ್ಯಲು ಬಂದ ಲಕ್ಕವ್ವನಿಗೆ ಶೈಲಾ ಕಂಕುಳಿನ ಜೋಡಣೆ ತೋರಿಸಿ, ತಪ್ಪು ತನ್ನದೆಂದೇ ಹೇಳಿದಳು. ಲಕ್ಕವ್ವ ಮುಖ ಗಂಟಿಕ್ಕಿದಳು, ಗೊಣಗಿದಳು, ಒಯ್ದಳು.

ಅವಳ ಹಿಂದೆಯೇ ಕಾಶೆವ್ವ ಎಂಬ ಗಿರಾಕಿ ಐದು ಖಣ ಹಿಡಿದು ಬಂದಳು. "ಶುಕ್ರವಾರಕ್ಕ ಬೇಕ ನೋಡವಾ."

ಶೈಲಾಳ ನಾಲಿಗೆ ತುದಿಗೆ 'ಹೂಂ' ಬಂದೇಬಿಟ್ಟಿತ್ತು. ಅದನ್ನು ನುಂಗಿದಳು.

"ಈ ವಾರ ನನ್ನ ಕೈಲೆ ಆಗಂಗಿಲ್ರಿ. ಎದುರಿಗೆ ಭಾಗ್ಯಕ್ಕನ ಕಡೆ ಕೇಳ್ರಿ," ಎಂದಳು. ಇನ್ನೊಂದು ಮಾತು ಬಾಕಿ ಉಳಿದಿತ್ತು. ಅದನ್ನೂ ಹೇಳಿಬಿಟ್ಟಳು. "ನನಗಿಂತ ಚಲೋ ಹೊಲಿತಾಳ."