ಗೇಟಿನ ಈಚೆಗೆ ನಿಂತ ಕ್ಯಾಪ್ಟನ್

ಕ್ಯಾಪ್ಟನ್ ಮಲಕಿ ಟೂಹಿ ಮೈದಾನದ ಗೇಟಿನವರೆಗೂ ದಾಪುಗಾಲು ಹಾಕಿ ಬಂದು, ಸರಿಯಾಗಿ ಒಂದು ಹೆಜ್ಜೆ ಈಚೆಗೆ ನಿಂತುಬಿಡುತ್ತಿದ್ದ. ಹನ್ನೊಂದು ವರ್ಷ, ಪ್ರತಿ ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ, ಗುಂಡಿ ಕಿತ್ತ ಸೈನ್ಯದ ಮೇಲಂಗಿಯನ್ನು ದಾರದಿಂದ ಬಿಗಿದುಕೊಂಡು, ಹಾಕಿಯಂಥ ನಮ್ಮ ಹರ್ಲಿಂಗ್ ಆಟದ ಹಳೆಯ ಕೋಲನ್ನೇ ಊರುಗೋಲಾಗಿಸಿಕೊಂಡು, ಕಲ್ಲುಗೋಡೆಯ ಹೊರಗಿನಿಂದ ನಮ್ಮ ಆಟ ನೋಡುತ್ತಿದ್ದ.

ಮೊದಲ ಮಹಾಯುದ್ಧಕ್ಕೆ ಮುನ್ನ ನಮ್ಮ ಕ್ಲೇರ್ ಜಿಲ್ಲೆಯಲ್ಲಿ ಅವನಷ್ಟು ಲೀಲಾಜಾಲವಾಗಿ ಚೆಂಡನ್ನು ಗಾಳಿಯಲ್ಲೇ ಹೊಡೆಯುವವನಿರಲಿಲ್ಲ. ಅದೇ ತಂಡದ ಗೋಲ್‌ಕೀಪರನಾಗಿದ್ದ ನನ್ನ ಪಕ್ಕೆಲುಬುಗಳೇ ಅದಕ್ಕೆ ಸಾಕ್ಷಿ. ಅವನು ಇಂಗ್ಲೆಂಡಿನ ರಾಜನ ಸೈನ್ಯ ಸೇರಿದಾಗ ತಂಡದ ಏಳು ಜನ ಅವನ ಬೆನ್ನು ಹತ್ತಿದರು. ಅವರಲ್ಲೊಬ್ಬ ನನ್ನ ತಮ್ಮ ಫಿಂಟನ್. ಹಿಂದಿರುಗಿದವನು ಟೂಹಿ ಒಬ್ಬನೇ. ಅಷ್ಟರಲ್ಲಿ ದೇಶವೇ ಮಗ್ಗುಲು ಬದಲಿಸಿ, ಇಂಗ್ಲೆಂಡಿನ ಆಳ್ವಿಕೆಯ ವಿರುದ್ಧ ಎದ್ದಿತ್ತು. ರಾಜನ ಸಮವಸ್ತ್ರ ತೊಟ್ಟವನು ಮೈದಾನಕ್ಕೆ ಕಾಲಿಡಕೂಡದೆಂದು ನಮ್ಮ ಆಟದ ಸಂಘ ನಿರ್ಣಯಿಸಿತ್ತು. ಪದಕ ಕೊಟ್ಟ ರಾಜ ಒಂದು ಗೇಟು ಕೊಡಲಿಲ್ಲವೇ ಎಂದು ಪೋಲಿಗಳು ಛೇಡಿಸಿದರೆ ಅವನೂ ನಕ್ಕುಬಿಡುತ್ತಿದ್ದ.

ಒಮ್ಮೆ ಸಂಘದವರ ಮನಸ್ಸು ಕರಗಿತು. ಸೈನ್ಯ ಸೇರಿದ್ದು ತಪ್ಪಾಯಿತೆಂದು ಒಂದು ಸಾಲು ಬರೆದುಕೊಟ್ಟರೆ ತಂಡವನ್ನು ಪಳಗಿಸಲು ಒಳಗೆ ಬಿಡುವುದೆಂದಾಯಿತು. ಕಾರ್ಯದರ್ಶಿಯಾದ ನಾನೇ ಕಾಗದ ಹಿಡಿದು ಹೋದೆ. ಅವನು ಆಸೆಯಿಂದ ಲೇಖನಿಯತ್ತ ಕೈ ಚಾಚಿದ. ಆಮೇಲೆ ಕಾಗದವನ್ನು ಮಡಿಸಿ ನನ್ನ ಜೇಬಿಗೇ ಇಟ್ಟ.

"ನನ್ನ ಮಟ್ಟಿಗಾದ್ರೆ ನೂರು ಸಲ ಬರ್ಕೊಡ್ತೀನಿ ಡೋನಲ್. ಆದ್ರೆ ಸೈನ್ಯ ಸೇರಿದ್ದೇ ತಪ್ಪು ಅಂತ ನಾನು ಅಂದ್ಬಿಟ್ರೆ, ಫಿಂಟನ್ ಸತ್ತಿದ್ದು ಯಾತಕ್ಕೆ ಅಂತ ನಿಮ್ಮಮ್ಮ ಕೇಳಲ್ವಾ? ಏನು ಹೇಳ್ಲಿ?"

ನನಗೆ ಮೈಯೆಲ್ಲ ಉರಿಯಿತು. ತಮ್ಮನನ್ನು ಕರೆದೊಯ್ದವನು ಇವನೇ ಎಂಬ ಹಳೆಯ ವಿಷ ನೆತ್ತಿಗೇರಿತ್ತು. ಸಭೆಯಲ್ಲಿ ಅವನ ಮಾತನ್ನು ಬಚ್ಚಿಟ್ಟು, ಕೊಬ್ಬಿನಿಂದ ಒಪ್ಪಲಿಲ್ಲವೆಂದಷ್ಟೇ ಹೇಳಿದೆ. ಮತ್ತೆ ಯಾರೂ ಅವನನ್ನು ಕೇಳಲಿಲ್ಲ.

ಯುದ್ಧದ ವಿಷಗಾಳಿ ಕುಡಿದ ಅವನ ಎದೆ ಒಂದು ಫೆಬ್ರವರಿಯಲ್ಲಿ ಸೋತಿತು. ನಮ್ಮೂರಲ್ಲಿ ಆಟಗಾರನ ಶವಪೆಟ್ಟಿಗೆ ಸ್ಮಶಾನಕ್ಕೆ ಹೋಗುವ ದಾರಿಯಲ್ಲಿ, ತೆರೆದ ಗೇಟಿನ ಮುಂದೆ ಅರೆಗಳಿಗೆ ನಿಲ್ಲುವುದು ಪದ್ಧತಿ. ಹೊತ್ತವರು ಅಭ್ಯಾಸಬಲದಿಂದ ನಿಂತರು. ಎಲ್ಲರೂ ನನ್ನ ಕಡೆ ನೋಡಿದರು. ಬೀಗದಕೈ ನನ್ನ ಜೇಬಿನಲ್ಲಿತ್ತು. ನಾನು ತೆಗೆಯಲಿಲ್ಲ. ಪೆಟ್ಟಿಗೆ ಒಂದು ಹೆಜ್ಜೆ ಈಚೆಗೇ ನಿಂತು ಮುಂದೆ ಹೋಯಿತು.

ಇಂದಿಗೂ ಭಾನುವಾರ ಆ ಬೀಗ ತೆಗೆದ ಮೇಲೆ ನಾನು ಒಂದು ಹೆಜ್ಜೆ ಈಚೆಗೇ ನಿಂತು, ಆಮೇಲೆ ಒಳಗೆ ಹೋಗುತ್ತೇನೆ. ಶಪಿಸಿ ಹೋದವರನ್ನು ಹೇಗೋ ಮರೆಯಬಹುದು. ಯಾವ ಪಕ್ಷಕ್ಕೂ ಪೂರ್ತಿ ಸಲ್ಲದ ಟೂಹಿಯಂಥವರು ಯಾರನ್ನೂ ದೂರುವುದಿಲ್ಲ. ನಿಲ್ಲಿಸಿದ ಜಾಗದಲ್ಲೇ ನಿಂತು ಸಾಯುತ್ತಾರೆ, ನಿಲ್ಲಿಸಿದವರಿಗೆ ಕ್ಷಮೆ ಕೇಳಲೂ ದಾರಿ ಉಳಿಸದೆ.