ಗದ್ದೆಮ್ಮ ಹೇಳದ ಮಾತು

ಗೊರೇಬಾಳದ ಆರು ಮಂದಿ ಇಡೀ ಪ್ರಾರ್ಥನೆಯನ್ನು ತಡವರಿಸದೆ ಒಪ್ಪಿಸಿದರು. ಏಳನೆಯವಳು ಗದ್ದೆಮ್ಮ. ದಿನದ ಅನ್ನ ಬೇಡುವವರೆಗೆ ಸರಾಗವಾಗಿ ಹೇಳಿ, 'ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ನಮ್ಮನ್ನೂ ಕ್ಷಮಿಸು' ಎಂಬ ಮಾತಿಗೆ ಬಂದೊಡನೆ ಈ ಸಲವೂ ನಿಂತಳು.

"ಮುಂದ?" ಎಂದ ಆದಪ್ಪ.

"ಬರವಲ್ದ್ರಿ, ಸರ."

ಆದಪ್ಪ ಸಿಂಧನೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಎಂಬತ್ತಾರನೇ ಇಸವಿಯಿಂದ, ಅಂದರೆ ಎರಡು ವರ್ಷಗಳಿಂದ, ಪ್ರತಿ ಭಾನುವಾರ ಮಧ್ಯಾಹ್ನ ಸೈಕಲ್ ತುಳಿದು ಬಂದು, ಕ್ರೈಸ್ತ ದೀಕ್ಷಾಸ್ನಾನಕ್ಕೆ ಅಣಿಯಾಗುವವರಿಗೆ ಪಾಠ ಹೇಳುತ್ತಿದ್ದ. ಲಿಂಗಸುಗೂರಿನ ಸಭಾಪಾಲಕರು ಇತ್ತ ಬರುವುದು ವರ್ಷಕ್ಕೊಮ್ಮೆ, ಅದೂ ಮುಂದಿನ ಭಾನುವಾರವೇ. ಪ್ರಾರ್ಥನೆ ಬಾಯಿಪಾಠವಾಗದವರಿಗೆ ದೀಕ್ಷೆಯಿಲ್ಲ ಎಂಬುದು ಅವರ ನಿಯಮ. ಏಳೂ ಹೆಸರುಗಳನ್ನು ಆದಪ್ಪ ಆಗಲೇ ಪಟ್ಟಿಯಲ್ಲಿ ಬರೆದಿಟ್ಟಿದ್ದ.

ಗದ್ದೆಮ್ಮನಿಗೆ ನೆನಪಿನ ಶಕ್ತಿ ಕಡಿಮೆ ಎಂದು ಅವನು ತೀರ್ಮಾನಿಸಿದ. ಆ ಮಾತನ್ನು ಮೂರು ತುಂಡು ಮಾಡಿ ಹೇಳಿಕೊಟ್ಟ. ಆದರೂ ಬರಲಿಲ್ಲ. ಹಿಂದೆ ಕೂತಿದ್ದ ಯಮನೂರಮ್ಮ ನಕ್ಕಳು. "ಊರಾಗಿನ ಲಗ್ನದ ಹಾಡೆಲ್ಲಾ ಬರ್ತಾವು, ಇದೊಂದು ಬರಂಗಿಲ್ಲಂತ! ನಾಲಗಿಗೆ ಮುಳ್ಳು ಚುಚ್ಚೇತೇನ ಬೇ?"

ಗುರುವಾರ ರಜೆಯಿತ್ತು. ಇನ್ನೊಮ್ಮೆ ಕಲಿಸಿ ನೋಡೋಣವೆಂದು ಆದಪ್ಪ ಸೀದಾ ಗದ್ದೆಗೆ ಹೋದ. ಕಾಲುವೆ ನೀರು ನಿಂತ ಕೆಸರಿನಲ್ಲಿ ಹೆಂಗಸರು ಸಾಲಾಗಿ ಬಾಗಿ, ಹಿಂದಕ್ಕೆ ಸರಿಯುತ್ತ ಭತ್ತ ನೆಡುತ್ತಿದ್ದರು. ನಾಟಿ ಹಾಡಿನ ಧಾಟಿಗೆ ಅದೇ ಪ್ರಾರ್ಥನೆಯನ್ನು ಕೂಡಿಸಿಕೊಂಡಿದ್ದರು. ಸೊಲ್ಲು ಎತ್ತಿಕೊಡುತ್ತಿದ್ದವಳು ಗದ್ದೆಮ್ಮ! ಒಂದೊಂದು ಮಾತನ್ನೂ ಮೊದಲು ಅವಳು ಹಾಡಬೇಕು, ಉಳಿದವರು ತಿರುಗಿ ಹಾಡಬೇಕು. ಕ್ಷಮೆಯ ಮಾತು ಬಂದಾಗ ಅವಳು ಬಾಯಿ ಮುಚ್ಚಿದಳು, ಪಕ್ಕದವಳು ಎತ್ತಿಕೊಟ್ಟಳು. ಅದರ ಮುಂದಿನದಕ್ಕೆ ಮತ್ತೆ ಗದ್ದೆಮ್ಮನದೇ ದನಿ.

ಅವಳು ನೀರು ಕುಡಿಯಲು ಬದುವಿಗೆ ಬಂದಾಗ ಆದಪ್ಪ ಕೇಳಿದ, "ನಿನಗ ಎಲ್ಲಾ ಬರ್ತೈತಲ್ಲ! ಅದೊಂದು ಯಾಕ ಬಿಡ್ತಿ?"

ಅವಳು ಸಾಲಿನ ತುದಿಯಲ್ಲಿದ್ದ ಪಂಪಮ್ಮನ ಕಡೆ ನೋಡಿದಳು. ಪಂಪಮ್ಮ ಅವಳ ನೆಗೆಣ್ಣಿ, ಎಂದರೆ ಓರಗಿತ್ತಿ. ದೀಕ್ಷೆ ಪಡೆಯುವವರಲ್ಲಿ ಒಬ್ಬಳು.

"ನನ್ನ ಮಗಳಿಗೆ ಜ್ವರ ನೆತ್ತಿಗೇರಿತ್ರಿ. ದವಾಖಾನಿಗೆ ಒಯ್ಯಾಕ ಬಂಡಿ ಕೇಳಿದ್ನಿ. ಎತ್ತು ದಣದಾವು ಅಂದ್ಲು ಆಕಿ. ಮರುದಿನ ಮುಟ್ಟಿಸೋದ್ರಾಗ ಕೂಸು ಹೋತು. ಕ್ಷಮಾ ಮಾಡೀನಿ ಅಂತ ದೇವರ ಮುಂದ ಹೆಂಗ ಅನ್ಲಿ? ನೀವು ಅನ್ನು ಅಂದ್ರ ಅಂತೀನಿ. ಸುಳ್ಳ ಆಕೈತಿ."

ಆದಪ್ಪ 'ಅನ್ನು' ಎಂದರೆ ಸಾಕು, ಭಾನುವಾರ ಏಳೂ ಜನ ನೀರಿಗಿಳಿಯುತ್ತಾರೆ. ಎರಡು ವರ್ಷ ಅವನು ಪರೀಕ್ಷಿಸಿದ್ದು ಬರೀ ಬಾಯಿಗಳನ್ನು. ಆ ಮಾತಿನ ಜೊತೆ ಹೆಣಗಿದವಳು ಇವಳೊಬ್ಬಳೇ ಇರಬೇಕು.

"ಬ್ಯಾಡ," ಎಂದ. "ಯಾವಾಗ ಖರೇ ಆಕೈತಿ, ಅವಾಗ ಅನ್ನು. ನಾ ಬರ್ತಿರ್ತೀನಿ."

"ವರ್ಷಗಟ್ಲೆ ಆಗಬೌದ್ರಿ."

"ಆಗ್ಲಿ."

ಭಾನುವಾರ ಸಭಾಪಾಲಕರು ಪಟ್ಟಿಯಲ್ಲಿ ಒಂದು ಹೆಸರು ಯಾಕೆ ಹೊಡೆದುಹಾಕಿದೆ ಎಂದು ಕೇಳಿದರು. "ಇನ್ನಾ ಕಲ್ಯಾಕತ್ತಾಳ್ರಿ, ಅಯ್ಯನೋರ," ಎಂದಷ್ಟೇ ಆದಪ್ಪ ಹೇಳಿದ. ಉಪಕಾಲುವೆಯಲ್ಲಿ ಆರು ಜನ ಒಬ್ಬೊಬ್ಬರಾಗಿ ಮುಳುಗಿ ಎದ್ದರು. ಗದ್ದೆಮ್ಮ ದಂಡೆಯ ಮೇಲೆ ಅವರ ಒಣ ಬಟ್ಟೆಗಳನ್ನು ಹಿಡಿದು ನಿಂತಿದ್ದಳು. ಕಡೆಗೆ ಪಂಪಮ್ಮ ನಡುಗುತ್ತ ಮೇಲೆ ಬಂದಳು. ಗದ್ದೆಮ್ಮನ ಕೈ ಸ್ವಲ್ಪ ಹೊತ್ತು ಆಕೆಯ ಒಣ ಸೀರೆಯನ್ನು ಎದೆಗೆ ಒತ್ತಿಕೊಂಡೇ ಇತ್ತು. ಆಮೇಲೆ, ಮುಖ ನೋಡದೆಯೇ, ಅದನ್ನು ಚಾಚಿದಳು.

"ಹೊದ್ಕೋ. ಥಂಡಿ ಹತ್ತೀತು."

ಆದಪ್ಪ ತನ್ನನ್ನೇ ನೋಡುತ್ತಿರುವುದು ಕಂಡು ಅವಳು ಸಿಡುಕಿದಳು. "ಹಂಗ್ಯಾಕ ನೋಡ್ತೀರಿ, ಸರ? ಕ್ಷಮಾ ಇನ್ನಾ ಆಗಿಲ್ಲ. ಇಷ್ಟು ಮಾತ್ರ ಆಗೈತಿ."