ಡಬ್ಬಿಯ ಮೈಗೆ ಪ್ಲಸ್

"ಆ ಪೆಪ್ಪರಮೆಂಟ್ ಡಬ್ಬಿ ನನ್ನ ಸ್ಟೇಜ್ ಹತ್ತೋ ಹಾಗಿಲ್ಲ," ಎಂದ ನೆವಿಲ್, ವೈರು ಸುತ್ತುತ್ತಿದ್ದವನು ತಲೆ ಕೂಡ ಎತ್ತದೆ.

ಸ್ಟೇಜೇನೂ ಅವನದಲ್ಲ, ಪೋರ್ಟ್ ಕೆಂಬ್ಲಾದ ಬೌಲಿಂಗ್ ಕ್ಲಬ್ಬಿನದು. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಅಲ್ಲಿ ಊರಿನ ಮೂರು ತಂಡಗಳಿಗೆ ನುಡಿಸಲು ಬಿಡುತ್ತಿದ್ದರು. ಆದರೆ ಸ್ಪೀಕರು, ಮೈಕು, ಮಿಕ್ಸರು ಎಲ್ಲ ನೆವಿಲ್‌ನವು. ಗಿಟಾರ್ ಅಂಗಡಿಯೂ ಅವನದೇ. ಹಾಗಾಗಿ ಅವನ ಮಾತು ನಡೆಯುತ್ತಿತ್ತು.

ಬಿಲ್ಯಾನಾ ಡಬ್ಬಿಯನ್ನು ಜೇಬಿಗೆ ಹಾಕಲಿಲ್ಲ, ಅಂಗೈ ಮೇಲೆಯೇ ಇಟ್ಟುಕೊಂಡು ನಿಂತಳು. ಅಪ್ಪ ಕೆಮ್ಮಿಗೆಂದು ಚೀಪುವ ಗುಳಿಗೆಗಳ ತಗಡಿನ ಡಬ್ಬಿ ಅದು. ಮುಚ್ಚಳಕ್ಕೆ ತೂತು ಕೊರೆದು ಕಾಲಲ್ಲಿ ಒತ್ತುವ ಸ್ವಿಚ್ಚು ಕೂರಿಸಿದ್ದಳು. ಒಳಗೆ ಎರಡು ಹಳೇ ಟ್ರಾನ್ಸಿಸ್ಟರು, ನಾಲ್ಕಾರು ಬಿಡಿಭಾಗ, ಓರೆಯಾಗಿ ತುರುಕಿದ ಒಂಬತ್ತು ವೋಲ್ಟಿನ ಬ್ಯಾಟರಿ. ಗಿಟಾರಿನ ಸ್ವರ ಅದರೊಳಗೆ ಹೊಕ್ಕರೆ ದಪ್ಪ ತಗಡು ಸೀಳಿದಂತೆ ಆಚೆ ಬರುತ್ತಿತ್ತು. ಅವಳ ಆರೂ ಹಾಡುಗಳು ಹುಟ್ಟಿದ್ದು ಆ ಸದ್ದಿನಿಂದ. ಅದನ್ನು ಬಿಟ್ಟು ನುಡಿಸುವುದಾದರೆ ಅವಳಿಗೆ ಇಲ್ಲಿಗೆ ಬರುವ ಅಗತ್ಯವೇ ಇರಲಿಲ್ಲ.

"ಹೋದ ತಿಂಗಳು ಏನಾಯ್ತು, ನೆನಪಿದೆಯಾ?" ಎಂದ ನೆವಿಲ್.

"ಇದೆ. ನಿಮ್ಮ ಕರೆಂಟಿಗೆ ಸಿಕ್ಕಿಸಿದೆ, ಎಲ್ಲರದೂ ಆಫ್ ಆಯ್ತು. ತಪ್ಪು ನನ್ನದೇ. ಈ ಸಲ ಬ್ಯಾಟರಿ. ನಿಮ್ಮ ಪ್ಲಗ್ ಮುಟ್ಟಲ್ಲ."

"ಬ್ಯಾಟರಿ ಅಂತೀಯ. ಒಳಗೇನು ಮಾಡಿಟ್ಟಿದ್ದೀಯೋ ಯಾರಿಗೆ ಗೊತ್ತು. ಇಲ್ಲಿಡು, ನೋಡ್ತೀನಿ."

ನೋಡಲಿ ಎಂದು ಅವಳು ಅವನ ಮೇಜಿನ ಮೇಲೆ ಇಟ್ಟಳು. ಅಷ್ಟರಲ್ಲಿ ಡ್ರಮ್ಮು ಇಳಿಸಲು ನೈರಿ ಕೂಗಿದಳು. ತಂಡದಲ್ಲಿ ಇದ್ದದ್ದು ಅವರಿಬ್ಬರೇ. ನೈರಿ ಬಡಿಯುವವಳು, ಬಿಲ್ಯಾನಾ ಮೀಟುವವಳು. ವ್ಯಾನಿನಿಂದ ಡ್ರಮ್ಮುಗಳನ್ನೂ ಬಿಲ್ಯಾನಾಳ ಆಂಪ್ಲಿಫೈಯರನ್ನೂ ಇಳಿಸಿ ಒಳಗೆ ಬರುವ ಹೊತ್ತಿಗೆ ನೆವಿಲ್ ಬೆಸುಗೆ ಕಡ್ಡಿ ಆರಿಸಿ ನಗುತ್ತಿದ್ದ. ಪಕ್ಕದಲ್ಲಿ ಇನ್ನೊಂದು ತಂಡದ ನಾಲ್ವರು ಬಿಯರ್ ಹಿಡಿದು ನಿಂತಿದ್ದರು.

"ಬಾ ಮರಿ. ಬ್ಯಾಟರಿ ಪ್ಲಸ್ಸನ್ನ ಡಬ್ಬಿ ಮೈಗೆ ಕೊಟ್ಟಿದ್ದೀಯಲ್ಲ, ಯಾರು ಹೇಳಿಕೊಟ್ರು ನಿಂಗೆ? ಮೈನಸ್ ಹೋಗಬೇಕಾದ ಜಾಗ ಅದು. ಎರಡೂ ವೈರು ಅದಲು ಬದಲು ಮಾಡಿ ಸರಿ ಮಾಡಿದ್ದೀನಿ. ಕಾಸು ಬೇಡ."

ಬಿಯರಿನವರು ನಕ್ಕರು. ಬಿಲ್ಯಾನಾ ಗಿಟಾರು ಸಿಕ್ಕಿಸಿ ಸ್ವಿಚ್ಚು ಒತ್ತಿದಳು. ಸದ್ದೇ ಇಲ್ಲ. ಇನ್ನೊಮ್ಮೆ ಒತ್ತಿದಳು. ಒಂದು ಗುಂಯ್ ಕೂಡ ಇಲ್ಲ.

"ಆನ್ ಮಾಡಿ ನೋಡಿದ್ರಾ?"

"ಹತ್ತು ನಿಮಿಷ ಇಟ್ಟಿದ್ದೆ. ಮೊದಲೇ ಸತ್ತಿತ್ತು ಅನ್ಸುತ್ತೆ."

"ಬೆಳಿಗ್ಗೆ ಮನೇಲಿ ನುಡಿಸಿ ಬಂದಿದ್ದೀನಿ. ಇವು ಹಳೇ ಜರ್ಮೇನಿಯಂ ಟ್ರಾನ್ಸಿಸ್ಟರು, ನೆವಿಲ್. ಉಲ್ಟಾ ಜಾತಿ. ಪ್ಲಸ್ಸು ಮೈಗೇ ಹೋಗಬೇಕು. ಹೋದ ತಿಂಗಳು ಶಾರ್ಟ್ ಆಗಿದ್ದೂ ಅದಕ್ಕೇ, ನನ್ನ ಪ್ಲಸ್ಸು ನಿಮ್ಮ ಮೈನಸ್ಸಿಗೆ ತಗುಲಿತ್ತು. ನೀವು ಸರಿ ಮಾಡಿದ್ದಲ್ಲ, ಸುಟ್ಟಿದ್ದು."

ನಗು ನಿಂತಿತು. ನೆವಿಲ್ ಕತ್ತು ಉಜ್ಜಿಕೊಂಡ. ಮೂವತ್ತು ವರ್ಷ ಅಂಗಡಿ ನಡೆಸಿದವನಿಗೆ ನಾಲ್ಕು ಜನರ ಎದುರು ಸೋಲುವುದು ಅಭ್ಯಾಸವಿರಲಿಲ್ಲ. ಚೀಲದಿಂದ ನೀಲಿ ಬಣ್ಣದ ಹೊಸ ಪೆಡಲ್, ಅದೇ ಕೆಲಸಕ್ಕೆ ಅಂಗಡಿಯಲ್ಲಿ ಮಾರುವ ಡಬ್ಬಿ, ತೆಗೆದು ಮುಂದೆ ಹಿಡಿದ.

"ತಗೋ, ಇದೂ ಅದೇ ಸದ್ದು. ಇದಕ್ಕಿಂತ ಚೆನ್ನಾಗೇ ಇದೆ. ಇವತ್ತಿಗೆ ಸುಮ್ಮನೆ ಬಳಸು. ಬೇಡ ಅಂದ್ರೆ ನಿಮ್ಮ ಅರ್ಧ ಗಂಟೆ ಇವರಿಗೆ ಕೊಡ್ತೀನಿ."

ನೈರಿ ಅವಳನ್ನು ಪಕ್ಕಕ್ಕೆ ಎಳೆದಳು. "ತಗೊಳ್ಳೇ. ಜನಕ್ಕೆ ಏನು ಗೊತ್ತಾಗುತ್ತೆ?"

"ಹಾಗಾದ್ರೆ ಡ್ರಮ್ಮಿಗೂ ಅವನ ಹತ್ರಾನೇ ಒಬ್ಬನ್ನ ಕೇಳೋಣ. ಯಾರಿಗೂ ಗೊತ್ತಾಗಲ್ಲ."

"ಹೊಟ್ಟೆ ಉರಿಸಬೇಡ."

"ಎಷ್ಟು ಹೊತ್ತಿದೆ?"

"ನಲವತ್ತು ನಿಮಿಷ. ಏನೇ ಮಾಡೋದಿದ್ರೂ ಈಗಲೇ ಮಾಡು."

ಬಿಲ್ಯಾನಾ ನೀಲಿ ಪೆಡಲನ್ನು ನೆವಿಲ್‌ನ ಮೇಜಿಗೇ ವಾಪಸು ಇಟ್ಟು, ತನ್ನ ಡಬ್ಬಿಯನ್ನೂ ಬೆಸುಗೆ ಸಾಮಾನಿದ್ದ ಗಿಟಾರಿನ ಪೆಟ್ಟಿಗೆಯನ್ನೂ ಎತ್ತಿಕೊಂಡು ಅಡುಗೆಮನೆಗೆ ನಡೆದಳು. ಕ್ಲಬ್ಬಿನ ಅಡುಗೆ ಅವಳ ಚಿಕ್ಕಮ್ಮ ರಾತ್ಕಾಳ ಕೈಯಲ್ಲಿತ್ತು. ಅವಳು ಸಂಜೆ ಕರಿಯಬೇಕಾದ ಸ್ನಿಟ್ಸೆಲ್‌ಗೆ ಮಾಂಸ ಬಡಿದು ತೆಳ್ಳಗೆ ಮಾಡುತ್ತಿದ್ದಳು.

"ಟೆಟ್ಕಾ, ಒಂದು ಮೂಲೆ ಕೊಡು," ಎಂದು ಚಿಕ್ಕಮ್ಮನನ್ನು ಮನೆಮಾತಿನಲ್ಲೇ ಕರೆದು ಕೇಳಿದಳು.

"ಸೀಸ ಗೀಸ ನನ್ನ ಮಾಂಸಕ್ಕೆ ಬಿದ್ರೆ ನಿನ್ನನ್ನೇ ಬಡೀತೀನಿ."

ಬಿಲ್ಯಾನಾ ಡಬ್ಬಿ ತೆರೆದು ಮೀಟರು ಹಿಡಿದು ನೋಡಿದಳು. ಎರಡರಲ್ಲಿ ಒಂದು ಟ್ರಾನ್ಸಿಸ್ಟರು ಸತ್ತಿತ್ತು. ಅಪ್ಪ ತನ್ನ ಹಳೇ ಊರು ಬಿತೋಲಾದಿಂದ ತಂದಿದ್ದ ಕೆಟ್ಟ ರೇಡಿಯೋದಿಂದ ಅವಳು ಐದನ್ನು ಕಿತ್ತಿದ್ದಳು. ಪಾಸಾಗಿದ್ದು ಎರಡೇ. ಒಳಗೇ ಕರೆಂಟು ಸೋರುವ ಮಿಕ್ಕ ಮೂರನ್ನು ಕಾಗದಕ್ಕೆ ಅಂಟಿಸಿ 'ಸೋರುವವು' ಎಂದು ಬರೆದು ಪೆಟ್ಟಿಗೆಯಲ್ಲಿ ಇಟ್ಟಿದ್ದಳು. ಅವುಗಳಲ್ಲಿ ಕಡಿಮೆ ಕೆಟ್ಟದ್ದನ್ನು ಆರಿಸಿದಳು. ಕಡ್ಡಿಯ ಬಿಸಿ ಒಳಕ್ಕೆ ಏರದಂತೆ ಅದರ ಕಾಲನ್ನು ಇಕ್ಕಳದಲ್ಲಿ ಕಚ್ಚಿ ಹಿಡಿದು ಬೆಸೆದಳು. ಪ್ಲಸ್ಸನ್ನು ಮತ್ತೆ ಡಬ್ಬಿಯ ಮೈಗೆ ಕೊಟ್ಟಳು.

ಪೆಟ್ಟಿಗೆಯಲ್ಲಿದ್ದ ಪುಟ್ಟ ಸ್ಪೀಕರಿಗೆ ಹಚ್ಚಿ ನೋಡಿದರೆ ಸದ್ದು ಬಂತು, ಆದರೆ ಒದ್ದೆ ಸೌದೆಯ ಹಾಗೆ ಚರಚರ ಎಂದು. ಅವಳಿಗೆ ಕಾರಣ ಗೊತ್ತಿತ್ತು. ಸೋರುವ ಜರ್ಮೇನಿಯಂ ಬಿಸಿಯಾದಷ್ಟೂ ಇನ್ನೂ ಸೋರುತ್ತದೆ. ಹೊರಗೆ ಮೂವತ್ತೊಂಬತ್ತು ಡಿಗ್ರಿ. ಒಲೆಯ ಪಕ್ಕ ಎಷ್ಟೋ.

"ಟೆಟ್ಕಾ, ಫ್ರೀಜರಿನಲ್ಲಿ ಏನಿದೆ?"

"ಬಟಾಣಿ."

"ಕೊಡು."

"ಐದು ಗಂಟೆಗೆ ಎಂಬತ್ತು ತಟ್ಟೆಗೆ ಹಾಕಬೇಕು ಅದನ್ನ."

"ಐದಕ್ಕೆ ವಾಪಸ್ ಕೊಡ್ತೀನಿ."

"ಕರಗಿಸಿ ತಂದ್ರೆ ನೀನೇ ಕೂತು ಎಂಬತ್ತು ತಟ್ಟೆ ತಿನ್ನು," ಎನ್ನುತ್ತಲೇ ರಾತ್ಕಾ ದೊಡ್ಡ ಚೀಲವೊಂದನ್ನು ಅವಳ ಎದೆಗೆ ಒಗೆದಳು. "ಆ ಬೋಳುತಲೆ ನೆವಿಲ್ ಏನಂದ?"

"ಬೇಡ ಅಂದ."

"ಅವನ್ಯಾರು ಬೇಡ ಅನ್ನೋಕೆ," ಎಂದು ಮತ್ತೆ ಮಾಂಸಕ್ಕೆ ತಿರುಗಿದಳು.

ಸ್ಟೇಜಿನ ಮೇಲೆ, ತನ್ನ ಆಂಪ್ಲಿಫೈಯರ್ ಪಕ್ಕದ ಸ್ಟೂಲಿನಲ್ಲಿ ಬಿಲ್ಯಾನಾ ಬಟಾಣಿ ಚೀಲ ಮಲಗಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಡಬ್ಬಿಯನ್ನು ಅದರೊಳಗೆ ಹುದುಗಿಸಿದಳು. ಎರಡು ವೈರು ಮಾತ್ರ ಹೊರಗೆ. ಇನ್ನು ಕಾಲಲ್ಲಿ ಒತ್ತುವಂತಿರಲಿಲ್ಲ. ಆನ್ ಮಾಡಿದ್ದು ಆನ್, ಕೊನೆಯ ಹಾಡಿನ ತನಕ.

"ಏನದು?" ನೆವಿಲ್ ಓಡಿ ಬಂದ.

"ಬಟಾಣಿ."

"ನಾನು ಹೇಳಿದ್ದೇನು?"

"ಡಬ್ಬಿ ಹತ್ತೋ ಹಾಗಿಲ್ಲ ಅಂದ್ರಿ, ಇದು ಚೀಲ. ನಿಮ್ಮ ಕರೆಂಟು ಮುಟ್ಟಿಲ್ಲ, ನಿಮ್ಮ ಪೆಡಲ್ ಮುಟ್ಟಿಲ್ಲ. ಇಳಿಸೋದಾದ್ರೆ ನೀವೇ ಕೈ ಹಾಕಿ ಇಳಿಸಿ, ಇವರೆಲ್ಲ ನೋಡಲಿ. ಇವತ್ತು ಒಂದು ಸಲ ಕೈ ಹಾಕಿ ಆಗಿದೆ ನಿಮ್ಮದು."

ಮುಂದಿನ ಮೇಜುಗಳಲ್ಲಿ ಮುದುಕರು ಲೋಟ ಕೆಳಗಿಟ್ಟು ನೋಡುತ್ತಿದ್ದರು. ನೆವಿಲ್ ಇಳಿಸಲಿಲ್ಲ. ಮಿಕ್ಸರಿನ ಹಿಂದೆ ಹೋಗಿ ಕೈಕಟ್ಟಿ ನಿಂತ.

ಹಾಡು ಶುರು ಮಾಡಲು ನೈರಿ ನಾಲ್ಕು ಎಣಿಸಿದಳು.

ಬೆಳಗಿನ ಸದ್ದಾಗಿರಲಿಲ್ಲ ಅದು. ಸ್ವರ ಹೊರಟು, ಬೆಳೆಯುವ ಮೊದಲೇ ಕತ್ತು ಹಿಸುಕಿದಂತೆ ಕಡಿದುಹೋಗುತ್ತಿತ್ತು. ಉದ್ದಕ್ಕೆ ಎಳೆಯುವ ಜಾಗಗಳಲ್ಲೆಲ್ಲ ಖಾಲಿ. ಎರಡು ಸಾಲು ಬಿಲ್ಯಾನಾ ಹಲ್ಲು ಕಚ್ಚಿದಳು. ಮೂರನೆಯದರಲ್ಲಿ ಎಳೆಯುವುದನ್ನೇ ಬಿಟ್ಟು ಕುಟ್ಟತೊಡಗಿದಳು. ಚಿಕ್ಕ ಚಿಕ್ಕ ಪೆಟ್ಟು, ನಡುವೆ ಪೂರ್ತಿ ಮೌನ. ನೈರಿ ಒಮ್ಮೆ ಅವಳತ್ತ ನೋಡಿ, ಆ ಮೌನಗಳಿಗೆ ಸರಿಯಾಗಿ ಡ್ರಮ್ಮು ಬಡಿದಳು. ಹಾಡು ಕುಂಟುತ್ತಲೇ ಓಡಿತು.

ಅರ್ಧದಲ್ಲಿ ದೊಡ್ಡ ಸ್ಪೀಕರಿನಿಂದ ಗಿಟಾರು ಮಾಯವಾಯಿತು. ನೆವಿಲ್ ಮಿಕ್ಸರಿನಲ್ಲಿ ಅವಳದನ್ನು ಪೂರ್ತಿ ಕೆಳಗಿಳಿಸಿದ್ದ. ಬಿಲ್ಯಾನಾ ಹಿಂದಕ್ಕೆ ಎರಡು ಹೆಜ್ಜೆ ಹಾಕಿ ತನ್ನದೇ ಸ್ಪೀಕರಿದ್ದ ಆಂಪ್ಲಿಫೈಯರಿನ ಗುಂಡಿಯನ್ನು ಕೊನೆಯ ತನಕ ತಿರುಗಿಸಿದಳು. ಬಾರ್ ಮೇಲಿನ ಲೋಟಗಳು ಒಂದಕ್ಕೊಂದು ತಗುಲಿ ನಡುಗಿದವು. ಬಿಯರಿನ ನಾಲ್ವರಲ್ಲಿ ಒಬ್ಬ ಎದ್ದು ಮುಂದೆ ಬಂದು ನಿಂತ.

ಹಾಡು ಮುಗಿಯಿತು. ನೆವಿಲ್ ಸ್ಟೇಜಿನ ಅಂಚಿಗೆ ಬಂದಿದ್ದ. "ಕಡಿಮೆ ಮಾಡು. ಇಲ್ಲಾ ಮುಂದಿನ ತಿಂಗಳು ನಿನ್ನ ಹೆಸರು ಇರಲ್ಲ."

"ಹಾಗಾದ್ರೆ ಇವತ್ತೇ ಆರೂ ಹಾಡು ಮುಗಿಸ್ತೀನಿ," ಎಂದು ಬಿಲ್ಯಾನಾ ನೈರಿಯ ಕಡೆ ತಿರುಗಿ, ಎಣಿಸಲು ಸನ್ನೆ ಮಾಡಿದಳು.